ಕ್ವಾರಿ ಪಕ್ಕದ ಗಾಳಿ ಬೆಳಕು

ಗಂಡಿನ ಮನೆ ಹೇಗಿದೆಯೋ ನೋಡಿಕೊಂಡು ಬರಲು ನಮ್ಮ ಅಪ್ಪ ಗುಬ್ಬಿಯಿಂದ ತುಮಕೂರಿಗೆ ಹೋದದ್ದು ಪುಷ್ಯ ಮಾಸದಲ್ಲಿ. ಮನೆ ಇದ್ದದ್ದು ಕ್ಯಾತ್ಸಂದ್ರದ ಆಚೆ ತುದಿಯಲ್ಲಿ. ಹಿಂದೆ ದೊಡ್ಡ ಹಿತ್ತಲು, ಹಿತ್ತಲಲ್ಲಿ ಸಿಹಿನೀರಿನ ಬಾವಿ, ಮೇಲೊಂದು ಮಾಳಿಗೆ. ಸಂಜೆಗೆ ವಾಪಸು ಬಂದ ಅಪ್ಪ ಟವೆಲ್ ಕೊಡವಿ ಕೂತವರೇ, "ಹುಡುಗನ ವಿಷಯ ಆಮೇಲೆ ಹೇಳ್ತೀನಿ. ಮನೆ ಮಾತ್ರ ಏನು ಗಾಳಿ, ಏನು ಬೆಳಕು!" ಎಂದರು. ಹುಡುಗನ ವಿಷಯ ಅವರು ಕೊನೆಗೂ ಸರಿಯಾಗಿ ಹೇಳಲಿಲ್ಲ. ಮಾಘದಲ್ಲಿ ಮದುವೆ ಆಯಿತು. ಹುಡುಗ ಒಳ್ಳೆಯವರೇ. ಮಾತು ಕಡಿಮೆ, ಬೆಳಿಗ್ಗೆ ಆಫೀಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ನಾನು ಅಪ್ಪ ಹೊಗಳಿದ ಗಾಳಿಯನ್ನು ಕುಡಿದುಕೊಂಡು ಬೇಸಿಗೆಯನ್ನು ಸುಖವಾಗಿ ಕಳೆದೆ.

ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ ಎದ್ದರೆ ಮನೆಯೆಲ್ಲ ನಾತ. ಅಟ್ಟದಲ್ಲಿ ಇಲಿ ಸತ್ತಿದೆ ಎಂದುಕೊಂಡೆ. ಏಣಿ ಹಾಕಿ ಹತ್ತಿ, ಹಳೇ ತಪ್ಪಲೆ, ಮುರಿದ ತೊಟ್ಟಿಲು, ಹುಣಸೆಹಣ್ಣಿನ ಗಡಿಗೆ ಎಲ್ಲ ಸರಿಸಿ ಹುಡುಕಿದೆ. ನಮ್ಮ ಅತ್ತೆ ಕೆಳಗೆ ಏಣಿ ಹಿಡಿದು ನಿಂತು, "ಆ ಮೂಲೇಲಿ ನೋಡವ್ವಾ... ಈ ಮೂಲೇಲಿ ನೋಡವ್ವಾ" ಎಂದು ಹೇಳುತ್ತಲೇ ಇದ್ದರು. ನನ್ನ ತಲೆತುಂಬ ಜೇಡರ ಬಲೆ ಅಂಟಿದ ಮೇಲೆ, ಸಮಾಧಾನವಾಗಿ ಹೇಳಿದರು:

"ಇಲಿ ಅಲ್ಲ ಕಣವ್ವಾ, ಇಳಿ. ಅದು ಫ್ಯಾಕ್ಟರಿ ನಾತ."

"ಗೊತ್ತಿದ್ದೂ ಯಾಕತ್ತೆ ಹುಡುಕಿಸಿದ್ರಿ?"

"ಅಟ್ಟ ಗುಡಿಸಿ ವರ್ಷ ಆಗಿತ್ತು."

ಹಿತ್ತಲಿನಿಂದ ಪಡುವಣಕ್ಕೆ ಎರಡು ಹೊಲ ದಾಟಿದರೆ ಒಂದು ಹಳೆಯ ಕಲ್ಲು ಕ್ವಾರಿ ಇತ್ತು. ಕಲ್ಲು ಮುಗಿದು ಬರಿಯ ಹಳ್ಳ ಉಳಿದ ಮೇಲೆ ಯಾರೋ ಕಂಟ್ರಾಕ್ಟರು ಅಲ್ಲಿಗೆ ಲಾರಿಗಳಲ್ಲಿ ಫ್ಯಾಕ್ಟರಿಯ ಗಸಿ ತಂದು ಸುರಿಯತೊಡಗಿದ್ದ. ಹಳದಿಯೂ ಅಲ್ಲದ ಹಸಿರೂ ಅಲ್ಲದ ಬಣ್ಣ, ಹುಳಿ ಬಂದ ದೋಸೆಹಿಟ್ಟಿನ ಹದ. ಆ ಫ್ಯಾಕ್ಟರಿಯಲ್ಲಿ ಏನು ತಯಾರಾಗುತ್ತದೆ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ಖಚಿತವಿರಲಿಲ್ಲ. ಒಬ್ಬರು ಬಣ್ಣ ಎಂದರೆ ಇನ್ನೊಬ್ಬರು ಔಷಧಿ ಎನ್ನುತ್ತಿದ್ದರು. ನಾತ ಮಾತ್ರ ಎಲ್ಲರಿಗೂ ಖಚಿತ: ಕೊಳೆತ ಮೊಟ್ಟೆಯನ್ನು ಟೈರಿನ ಜೊತೆ ಸುಟ್ಟ ಹಾಗೆ. ಗಾಳಿ ಪಡುವಲಿಂದ ಬೀಸಿತೆಂದರೆ ಬೀದಿಯ ಮಕ್ಕಳೆಲ್ಲ ಕೆಮ್ಮುತ್ತಿದ್ದವು. ಹಿತ್ತಲ ಕರಿಬೇವಿನ ಗಿಡ ಎಲೆ ಉದುರಿಸಿ ಕಡ್ಡಿಯಾಗಿ ನಿಂತಿತ್ತು. ಬಾವಿಯ ನೀರಿನ ಮೇಲೆ ಸೀಮೆಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ಕಟ್ಟುತ್ತಿತ್ತು. ಇನ್ನು ಬೆಳ್ಳಿ! ನನ್ನ ಕಾಲುಂಗುರ, ದೇವರ ಮನೆಯ ದೀಪ, ನಮ್ಮ ಮಾವನವರ ಎದೆಯ ಮೇಲಿನ ಲಿಂಗದ ಕರಡಿಗೆ, ಎಲ್ಲವೂ ಕಾಡಿಗೆ ಬಳಿದ ಹಾಗೆ ಕಪ್ಪಾದವು. ಮಾವ ವಿಭೂತಿ ಹಚ್ಚಿ ಉಜ್ಜಿ ಉಜ್ಜಿ ಕರಡಿಗೆಯನ್ನು ಬೆಳ್ಳಗೆ ಮಾಡಿಕೊಂಡರೆ ಮರುದಿನ ಮತ್ತೆ ಕಪ್ಪು.

"ಹಾಗಾದ್ರೆ ನಮ್ಮಪ್ಪ ಬಂದಾಗ ನಾತ ಇರಲಿಲ್ಲವಲ್ಲ ಅತ್ತೆ?" ಎಂದು ಕೇಳಿದೆ.

"ನಿಮ್ಮಪ್ಪ ಬಂದಿದ್ದು ಯಾವಾಗ? ಪುಷ್ಯದಲ್ಲಿ. ಆಗ ಗಾಳಿ ಮೂಡಲಿಂದ, ನಾತ ಎಲ್ಲಾ ಅತ್ಲಾಗೆ ಹೋಯ್ತದೆ. ಆಷಾಢದಲ್ಲಿ ಬೀಗರನ್ನ ಕರೆಯಾಕೆ ನನಗೇನು ಹುಚ್ಚಾ?"

ನನಗೆ ಸಿಟ್ಟು ಬಂತು. ಅಪ್ಪನ ಮುಖ ನೆನೆದು ಅಳುವೂ ಬಂತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದುದನ್ನು ನೋಡಿ ಅಷ್ಟರಲ್ಲಿ ನಗುವೂ ಬಂದುಬಿಟ್ಟಿತು. ಅತ್ತೆ ಸೊಸೆಯರಾಗಿ ನಮ್ಮಿಬ್ಬರ ಸ್ನೇಹ ಶುರುವಾದದ್ದು ಆ ಏಣಿಯ ಬುಡದಲ್ಲಿಯೇ.

ಬೀದಿಯವರು ಸುಮ್ಮನೆ ಕೂತಿರಲಿಲ್ಲ. ಪುರಸಭೆಗೆ ಅರ್ಜಿ ಕೊಟ್ಟರೆ, ಕ್ವಾರಿ ನಮ್ಮ ಗಡಿಯೊಳಗಿಲ್ಲ, ಪಂಚಾಯ್ತಿಗೆ ಹೋಗಿ ಎಂದರು. ಪಂಚಾಯ್ತಿಗೆ ಹೋದರೆ, ಫ್ಯಾಕ್ಟರಿ ನಮ್ಮ ಗಡಿಯೊಳಗಿಲ್ಲ, ಪುರಸಭೆಗೆ ಹೋಗಿ ಎಂದರು. ನಾತಕ್ಕೆ ಮಾತ್ರ ಗಡಿ ಇರಲಿಲ್ಲ. ಹೀಗೇ ಓಡಾಡಿ ಸಾಕಾಗಿ, ಮುಂದಿನ ಪುಷ್ಯದಲ್ಲಿ ಎಲ್ಲರೂ ಸೇರಿ ನೇರವಾಗಿ ಫ್ಯಾಕ್ಟರಿಗೇ ಹೋದೆವು. ಓದಿದ ಸೊಸೆ ಇರಲಿ ಎಂದು ಅತ್ತೆ ನನ್ನನ್ನೂ ಕರೆದುಕೊಂಡು ಹೋದರು.

ನಮ್ಮನ್ನು ಮಾತಾಡಿಸಿದವರು ಮೈಸೂರಿನಿಂದ ಹೊಸದಾಗಿ ಬಂದಿದ್ದ ಆಫೀಸರು. ಸಣ್ಣ ಪ್ರಾಯ, ಸಫಾರಿ ಸೂಟು, ದಪ್ಪ ಕನ್ನಡಕ. ಮಾತು ಬಹಳ ಮೃದು.

"ನೋಡಿ, ನಾನು ಕೆಮಿಸ್ಟ್ರಿ ಓದಿದವನು. ನಿನ್ನೆ ತಾನೇ ಸ್ಕೂಟರಲ್ಲಿ ನಿಮ್ಮ ಕಡೆ ಬಂದಿದ್ದೆ. ವಾಸನೆ ಅನ್ನೋದೇ ಇರಲಿಲ್ಲ. ಒಬ್ಬರು ಇದೆ ಅಂದರೆ ಎಲ್ಲರಿಗೂ ಇದೆ ಅನ್ಸುತ್ತೆ. ಅದು ಮನಸ್ಸಿನ ಭ್ರಮೆ."

ನಮ್ಮವರು ಕೂಗಾಡತೊಡಗಿದರು. ಆಫೀಸರು ಸುಳ್ಳೇನೂ ಹೇಳಿರಲಿಲ್ಲ. ಅದು ಪುಷ್ಯ, ಗಾಳಿ ಮೂಡಲಿನದು. ಗಲಾಟೆಯ ಮಧ್ಯೆ ಅತ್ತೆ ಮುಂದೆ ಹೋಗಿ, ಬೇರೆಯೇ ಮಾತು ತೆಗೆದರು.

"ಊರಲ್ಲಿ ಮನೆ ಮಾಡಿದೀರಾ ಸಾರ್?"

"ಇಲ್ಲಮ್ಮಾ, ಲಾಡ್ಜಲ್ಲಿದೀನಿ. ನಮ್ಮ ಮನೆಯವರು ಬರಬೇಕು. ಮನೆ ಹುಡುಕ್ತಾ ಇದೀನಿ."

"ನಮ್ಮ ಮಾಳಿಗೆ ಖಾಲಿ ಐತೆ. ನಿಮ್ಮಂಥೋರಿಗೆ ಅಂದ್ರೆ ಬಾಡಿಗೆ ಹೆಚ್ಚು ಕೇಳಲ್ಲ. ಒಂದ್ಸಲ ಬಂದು ಗಾಳಿ ಬೆಳಕು ನೋಡ್ಕೊಂಡು ಹೋಗಿ."

ಗಾಳಿ ಬೆಳಕು ಎಂಬ ಮಾತು ಕಿವಿಗೆ ಬಿದ್ದಕೂಡಲೇ ನಾನು ತಿರುಗಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಮುಖ ತೋರಿಸಿದ್ದರೆ ಕೆಲಸ ಕೆಡುತ್ತಿತ್ತು.

ದಾರಿಯಲ್ಲಿ ಬೀದಿಯವರೆಲ್ಲ ಅತ್ತೆಯ ಮೇಲೆ ಬಿದ್ದರು. ಜಗಳಕ್ಕೆಂದು ಬಂದು ತನ್ನ ಮನೆಗೆ ಬಾಡಿಗೆದಾರನನ್ನು ಹುಡುಕಿಕೊಂಡಳು ಎಂದು ಬೈದರು. ಅತ್ತೆ ನಡಿಗೆ ನಿಲ್ಲಿಸದೆ ಹೇಳಿದರು: "ನಾವು ನಾತ ಹೊತ್ಕೊಂಡು ಅವರ ಬಾಗಿಲಿಗೆ ಎಷ್ಟು ಸಲ ಹೋಗಾದು? ಅವರ ಮೂಗನ್ನೇ ಇಲ್ಲಿಗೆ ಕರ್ಕಂಡು ಬಂದ್ರೆ ಮುಗೀತು ಬುಡಿ."

ಆಫೀಸರು ಬಂದರು, ತಾರಸಿಯ ಮೇಲೆ ನಿಂತು ಎರಡೂ ಕೈ ಚಾಚಿ ಉಸಿರೆಳೆದುಕೊಂಡರು, ಒಪ್ಪಿದರು. ಮಾಘದಲ್ಲಿ ಅವರ ಹೆಂಡತಿಯೂ ಬಂದರು. ನನಗಿಂತ ಎರಡು ವರ್ಷ ಚಿಕ್ಕವರಿರಬಹುದು. ಬಂದ ವಾರದಲ್ಲೇ ನಾವಿಬ್ಬರೂ ಹೂ ಕಟ್ಟುತ್ತ, ಹಪ್ಪಳ ಒಣಗಿಸುತ್ತ ಆಪ್ತರಾದೆವು. ಅವರಿಗೆ ಬೆಳ್ಳಿ ಸಾಮಾನೆಂದರೆ ಪ್ರಾಣ. ಮದುವೆಯಲ್ಲಿ ತಂದೆ ಕೊಟ್ಟ ಬೆಳ್ಳಿ ತಟ್ಟೆಗಳು, ದೀಪಗಳು, ಕುಂಕುಮದ ಭರಣಿ ಎಲ್ಲವನ್ನೂ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದರು. ಅತ್ತೆಯೂ ನೋಡಿದರು. ಕೆಳಗಿಳಿದು ಬಂದು, "ಎಷ್ಟು ಬೆಳ್ಳಿ ಐತೆ ಕಣವ್ವಾ!" ಎಂದು ದೇವರ ಮನೆಯ ಕಡೆ ತಿರುಗಿ ಕೈ ಮುಗಿದರು.

ಜ್ಯೇಷ್ಠ ಬಂತು. ಗಾಳಿ ತಿರುಗಿತು. ಮೊದಲ ದಿನ ನಾವಿಬ್ಬರೂ ಅಡಿಗೆಮನೆಯಲ್ಲಿ ಉಸಿರು ಬಿಗಿಹಿಡಿದು ಕಾದೆವು. ಮೇಲಿನಿಂದ ಏನೂ ಸದ್ದಿಲ್ಲ. ಎರಡನೆಯ ದಿನವೂ ಇಲ್ಲ. ಆಫೀಸರು ಎಂದಿನಂತೆ ಸ್ಕೂಟರ್ ಒದ್ದು ಹೋಗುತ್ತಿದ್ದರು, ಮುಖ ಮಾತ್ರ ಸ್ವಲ್ಪ ಹಸಿರು. ಅಷ್ಟರಲ್ಲಿ ಅವರ ಹೆಂಡತಿ ಬಸುರಿಯಾಗಿದ್ದರು. ಒಂದು ಮಧ್ಯಾಹ್ನ ಅವರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಳಗೆ ಬಂದು ನನ್ನ ಪಕ್ಕ ಕೂತರು.

"ನಿಮಗೇನಾದ್ರೂ ವಾಸನೆ ಬರುತ್ತಾ? ನಮ್ಮವರು ಹೇಳ್ತಾರೆ, ಬಸುರೀಲಿ ಹೆಂಗಸರ ಮೂಗು ಹಾಗೇ, ಇಲ್ಲದ ವಾಸನೆ ಎಲ್ಲ ಬರುತ್ತೆ ಅಂತ. ನನಗೆ ಊಟ ಸೇರ್ತಿಲ್ಲ. ಹುಚ್ಚು ಹಿಡಿದಿದೆಯೇನೋ ಅನ್ಸುತ್ತೆ."

ಏನೂ ಹೇಳಬೇಡ, ಅವರಾಗಿ ಬಾಯಿ ಬಿಡಲಿ ಎಂದು ಅತ್ತೆ ನನಗೆ ಕಟ್ಟಪ್ಪಣೆ ಮಾಡಿದ್ದರು. ಆ ಹುಡುಗಿಯ ಬಾಡಿದ ಮುಖ ನೋಡಿದ ಮೇಲೆ ನನ್ನಿಂದ ಆಗಲಿಲ್ಲ.

"ನಾನು ಬಸುರಿ ಅಲ್ಲ, ನನಗೂ ಬರುತ್ತೆ. ನಮ್ಮ ಮಾವನಿಗೂ ಬರುತ್ತೆ. ಅವರಂತೂ ಖಂಡಿತ ಬಸುರಿ ಅಲ್ಲ."

ಆಮೇಲೆ ನಾನು ಕ್ವಾರಿಯ ಕಥೆಯನ್ನು, ನನ್ನ ಅಪ್ಪನ ಕಥೆಯನ್ನು, ಫ್ಯಾಕ್ಟರಿಗೆ ಹೋದ ದಿನದ ಕಥೆಯನ್ನು ಎಲ್ಲ ಹೇಳಿದೆ. ಅವರು ಅಳುತ್ತಾರೆ ಎಂದುಕೊಂಡಿದ್ದೆ. ಅವರ ಹಲ್ಲು ಕಟಕಟ ಎಂದಿತು. "ಭ್ರಮೆ ಅಂದ್ರಾ? ಇರಲಿ" ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದರು. ಅಂದಿನಿಂದ ನಮ್ಮ ಗುಂಪಿಗೆ ಮೂರನೆಯವರು ಸೇರಿದರು. ಗಂಡನ ಮುಂದೆ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಇದ್ದರು.

ಅದೇ ದಿನಗಳಲ್ಲಿ ಒಂದು ಬೆಳಿಗ್ಗೆ ಆಫೀಸರು ಮಾವನವರ ಹತ್ತಿರ ಬಂದು, "ಯಜಮಾನರೇ, ಸ್ವಲ್ಪ ವಿಭೂತಿ ಸಿಗುತ್ತಾ?" ಎಂದು ಕೇಳಿದರು. ಮಾವ ಪೂಜೆ ಬಿಟ್ಟರೆ ಬೇರೆ ಲೋಕ ಕಂಡವರಲ್ಲ. ಅವರಿಗಾದ ಸಂತೋಷ ಹೇಳತೀರದು. ಇಡೀ ವಿಭೂತಿ ಗಟ್ಟಿಯನ್ನೇ ತೆಗೆದು ಕೊಟ್ಟರು. ನಾಲ್ಕು ದಿನ ಬಿಟ್ಟು ಆಫೀಸರು ಮತ್ತೆ ಕೇಳಿದರು, ಮಾವ ಮತ್ತೆ ಕೊಟ್ಟರು. "ಫ್ಯಾಕ್ಟರಿ ಕೆಲಸದಲ್ಲಿದ್ದರೂ ಎಂಥಾ ಭಕ್ತ! ಇಂಥವನ ಮೇಲೆ ನೀವು ದೂರು ಕೊಡ್ತೀರ" ಎಂದು ಬೀದಿಯವರಿಗೆಲ್ಲ ಬುದ್ಧಿ ಹೇಳಿಕೊಂಡು ಬಂದರು.

ಅತ್ತೆಗೆ ಅನುಮಾನ. "ಹಣೇಲಿ ಒಂದು ಗೆರೆ ಕಾಣಾಕಿಲ್ಲ. ಅಷ್ಟು ವಿಭೂತಿ ಎಲ್ಲಿಗೆ ಹಚ್ಕತಾನೆ?"

ಉತ್ತರ ನನಗೇ ಸಿಕ್ಕಿತು. ಒಂದು ದಿನ ಬೆಳಗಾಗುತ್ತಲೇ ಬಟ್ಟೆ ಒಣಹಾಕಲು ತಾರಸಿಗೆ ಹೋದೆ. ನೀರಿನ ತೊಟ್ಟಿಯ ಮರೆಯಲ್ಲಿ ಆಫೀಸರು ಬನಿಯನ್ನಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮುಂದೆ ಬೆಳ್ಳಿ ಸಾಮಾನೆಲ್ಲ ಹರಡಿಕೊಂಡು, ವಿಭೂತಿ ಹಚ್ಚಿ ಗಸಗಸ ಉಜ್ಜುತ್ತಿದ್ದರು. ಕೆಮಿಸ್ಟ್ರಿ ಓದಿದ ಕೈಗಳು ಮೊಣಕೈವರೆಗೂ ಬೂದಿ. ಹೆಂಡತಿ ಏಳುವ ಮೊದಲು ಕಪ್ಪೆಲ್ಲ ಹೋಗಬೇಕಲ್ಲ! ನನ್ನನ್ನು ಕಂಡು ತಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

"ಅದು... ಚಿಕ್ಕಂದಿನಿಂದ ಅಭ್ಯಾಸ. ಬೆಳಿಗ್ಗೆ ಒಂಥರಾ ವ್ಯಾಯಾಮ."

"ಒಳ್ಳೇದು ಸಾರ್" ಎಂದೆ. ಮೆಟ್ಟಿಲಿಳಿಯುವಾಗ ಬಕೆಟ್ಟು ಕೈಯಿಂದ ಜಾರಿತು, ಅಷ್ಟು ನಗು.

ಶ್ರಾವಣದಲ್ಲಿ ಸುದ್ದಿ ಬಂತು. ನಮ್ಮ ಅರ್ಜಿಗಳಲ್ಲಿ ಯಾವುದೋ ಒಂದು ಎಲ್ಲೋ ಒಂದು ಮೇಜಿನ ಮೇಲೆ ಕಣ್ಣಿಗೆ ಬಿದ್ದು, ಮೇಲಿನ ಸಾಹೇಬರೊಬ್ಬರು ಜಾಗ ನೋಡಲು ಬರುವವರಿದ್ದರು. ಸುದ್ದಿ ಫ್ಯಾಕ್ಟರಿಗೆ ನಮಗಿಂತ ಮೊದಲೇ ತಲುಪಿತ್ತು. ಹಿಂದಿನ ದಿನವೇ ಟ್ರಾಕ್ಟರುಗಳು ಬಂದು ಕ್ವಾರಿಯ ಮೇಲೆ ಕೆಮ್ಮಣ್ಣು ಹರಡಿ, ಬ್ಲೀಚಿಂಗ್ ಪೌಡರ್ ಚೆಲ್ಲಿ, ಮದುವೆಮನೆಯ ಅಂಗಳದ ಹಾಗೆ ಸಪಾಟು ಮಾಡಿದವು. ಮಣ್ಣು ಹಾಕುವ ಗಡಿಬಿಡಿಯಲ್ಲಿ ಗಸಿಯನ್ನು ಕೆದಕಿದ್ದೇ ಕೆದಕಿದ್ದು, ಸಂಜೆಯ ಹೊತ್ತಿಗೆ ಬೀದಿಯಲ್ಲಿ ಉಸಿರಾಡುವಂತಿರಲಿಲ್ಲ. ಬೆಳ್ಳಿ ಎಷ್ಟು ಕಪ್ಪಾಗಬಹುದು ಎಂದು ಆಫೀಸರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಓಡೋಡಿ ಕೆಳಗೆ ಬಂದರು.

"ಅಮ್ಮಾವ್ರೇ, ವಿಭೂತಿ..."

"ಖಾಲಿ ಆಗೋಯ್ತಲ್ಲ ಸಾರ್" ಎಂದರು ಅತ್ತೆ.

ಮಾವ ಒಳಗಿನಿಂದ, "ಪೆಟ್ಟಿಗೇಲಿ ಇತ್ತಲ್ಲೇ, ನಾನೇ ನೋಡಿದೆ" ಎಂದರು.

"ಇತ್ತು. ಈಗಿಲ್ಲ."

ಅದು ಸೌದೆ ಕೊಟ್ಟಿಗೆಯಲ್ಲಿ ಬೆರಣಿಯ ಅಡಿಯಲ್ಲಿ ಇತ್ತು. ಇಟ್ಟವಳು ನಾನೇ. ಮರುದಿನ ಬೆಳಗಿನ ಜಾವಕ್ಕೇ ಫ್ಯಾಕ್ಟರಿಯ ಜೀಪು ಬಂದು ಆಫೀಸರನ್ನು ಕರೆದುಕೊಂಡು ಹೋಯಿತು. ಅಂಗಡಿಗೆ ಹೋಗಲು ಪಾಪ ಅವರಿಗೆ ಸಮಯವೇ ಸಿಗಲಿಲ್ಲ.

ಸಾಹೇಬರು ಬಂದಾಗ ಬಿಸಿಲೇರಿತ್ತು, ಗಾಳಿ ಬಿದ್ದುಹೋಗಿತ್ತು. ಅವರು ಕ್ವಾರಿಯ ಅಂಚಿನಲ್ಲಿ ನಿಂತು, ಕರವಸ್ತ್ರ ತೆಗೆದು, ಮೂಗೇರಿಸಿ, "ಎಲ್ರೀ ವಾಸನೆ? ಆಸ್ಪತ್ರೆ ವಾಸನೆ ಬರ್ತಿದೆ ಅಷ್ಟೆ" ಎಂದರು. ನಮ್ಮ ಬೀದಿಯವರು ಒಟ್ಟಿಗೆ ಬಾಯಿ ಹಾಕಿದರು. ಸಾಹೇಬರು ಕೈಯೆತ್ತಿ ಸುಮ್ಮನಿರಿಸಿ ಆಫೀಸರ ಕಡೆ ತಿರುಗಿದರು.

"ನೀವು ಇಲ್ಲೇ ಮನೆ ಮಾಡಿದೀರಂತೆ. ನಿಮಗೇನಾದ್ರೂ ತೊಂದರೆ ಇದೆಯೇನ್ರೀ?"

ಆಫೀಸರು ನಮ್ಮ ಕಡೆ ನೋಡಲಿಲ್ಲ. "ಅಂಥದ್ದೇನಿಲ್ಲ ಸಾರ್."

"ಬಿಸಿಲಲ್ಲಿ ಎಷ್ಟೊತ್ತು ನಿಲ್ತೀರ ಬುದ್ಧಿ?" ಎಂದು ಅತ್ತೆ ನಡುವೆ ಬಂದರು. "ಇಲ್ಲೇ ಇವರ ಮನೇಲಿ ಒಂದಿಷ್ಟು ತಿಂಡಿ ತಿನ್ಕಂಡು ಹೋಗಿ. ಆ ತಾಯಿ ಬೆಳಿಗ್ಗೆಯಿಂದ ಕಾಯ್ತಾ ಐತೆ."

ತಿಂಡಿ ಎಂದರೆ ಬೇಡವೆನ್ನುವ ಮೈಕಟ್ಟಲ್ಲ ಸಾಹೇಬರದು. ಎಲ್ಲರೂ ಮಾಳಿಗೆ ಹತ್ತಿದರು. ಆಫೀಸರ ಹೆಂಡತಿ ಜರಿಸೀರೆ ಉಟ್ಟು, ದುಂಡಗಿನ ಹೊಟ್ಟೆಯನ್ನು ಒಂದು ಕೈಯಲ್ಲಿ ಆನಿಸಿಕೊಂಡು, ಗೋಡಂಬಿ ಹಾಕಿದ ಉಪ್ಪಿಟ್ಟು ತಂದಿಟ್ಟರು. ಸಾಹೇಬರು ಚಮಚ ಎತ್ತಿದವರು ಹಾಗೇ ನಿಂತರು. ತಟ್ಟೆ ರೊಟ್ಟಿ ಹೆಂಚಿನಷ್ಟು ಕಪ್ಪಗಿತ್ತು.

"ಏನಮ್ಮಾ, ಕಬ್ಬಿಣದ ತಟ್ಟೇಲಿ ತಿನ್ನೋದು ಈಗ ಹೊಸ ಫ್ಯಾಷನ್ನಾ?"

"ಬೆಳ್ಳಿ ಸಾರ್ ಅದು. ಮದುವೇಲಿ ನಮ್ಮ ತಂದೆ ಕೊಟ್ಟಿದ್ದು."

"ಬೆಳ್ಳಿ ಹೀಗಿರುತ್ತಾ?"

"ನನಗೆ ಗೊತ್ತಾಗಲ್ಲ ಸಾರ್. ನಮ್ಮ ಮನೆಯವರನ್ನ ಕೇಳಿ. ಕೆಮಿಸ್ಟ್ರಿ ಓದಿದಾರೆ."

ಆಫೀಸರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಮೆಟ್ಟಿಲ ಬಳಿ ನಿಂತಿದ್ದ ಮಾವ, ಬೆಳ್ಳಿಯ ಮಾತು ಬಂದಿತೆಂದು, ಯಾರೂ ಹೇಳದೆಯೇ ಅಂಗಿಯೊಳಗಿಂದ ಕರಡಿಗೆ ಎಳೆದು ತೋರಿಸಿದರು. "ನಂದೂ ಹಿಂಗೇ ಆಗೈತೆ ಬುದ್ಧಿ. ನಿನ್ನೆಯಿಂದ ವಿಭೂತಿ ಬೇರೆ ಸಿಕ್ತಿಲ್ಲ" ಎಂದರು. ನಾನು ಬಾಗಿಲ ಹಿಂದೆ ಸರಿದೆ.

"ಬೆಳ್ಳಿ ಉಜ್ಜಿದರೆ ಬೆಳ್ಳಗಾಗುತ್ತೆ ಸಾರ್" ಎಂದರು ಆಫೀಸರ ಹೆಂಡತಿ. ದನಿ ಎತ್ತರಿಸಲಿಲ್ಲ. "ನನ್ನ ಹೊಟ್ಟೇಲಿರೋ ಕೂಸಿಗೆ ಏನು ಹಚ್ಚಿ ಉಜ್ಜಲಿ?"

ಆಗ ನಗು ನನಗೂ ನಿಂತುಹೋಯಿತು. ಅದು ನಾವು ಹೇಳಿಕೊಟ್ಟ ಮಾತಾಗಿರಲಿಲ್ಲ.

ಆಫೀಸರು ಕಿಟಕಿಯ ಹೊರಗೆ ನೋಡುತ್ತ ನಿಧಾನವಾಗಿ ಹೇಳಿದರು. "ಗಾಳೀಲಿ ಗಂಧಕದ ಅನಿಲ ಇದ್ರೆ ಬೆಳ್ಳಿ ಕಪ್ಪಾಗುತ್ತೆ ಸಾರ್."

"ಎಲ್ಲಿಂದ ಬರುತ್ತೆ ಅದು?"

"ಅಲ್ಲಿಂದ." ಅವರ ಬೆರಳು ಕ್ವಾರಿಯ ಕಡೆ ಇತ್ತು.

ಸಾಹೇಬರು ಉಪ್ಪಿಟ್ಟು ಪೂರ್ತಿ ತಿಂದೇ ಎದ್ದರು, ಬಾಳೆಲೆಯ ಮೇಲೆ ಹಾಕಿಸಿಕೊಂಡು. ಅದಾದ ಮೇಲೆ ಏನೇನು ನಡೆಯಿತೋ, ಲಾರಿಗಳು ಮೊದಲು ಕಡಿಮೆಯಾದವು, ದಸರೆಯ ಹೊತ್ತಿಗೆ ನಿಂತೇ ಹೋದವು. ಬಾವಿಯ ನೀರು ಮಾತ್ರ ಸುಧಾರಿಸಲಿಲ್ಲ. ಎಷ್ಟೋ ವರ್ಷ ಬೀದಿ ನಲ್ಲಿಯಿಂದ ಹೊತ್ತು ತಂದೇ ಕುಡಿದೆವು. ಆಫೀಸರನ್ನು ಫ್ಯಾಕ್ಟರಿಯವರು ಸ್ಟೋರ್ಸಿಗೆ ಹಾಕಿ ಮೂಲೆಯಲ್ಲಿ ಕೂರಿಸಿದರು. ಅವರು ಕೆಲವು ವಾರ ನಮ್ಮ ಯಾರ ಹತ್ತಿರವೂ ಮಾತಾಡಲಿಲ್ಲ. ಮನೆ ಖಾಲಿ ಮಾಡುತ್ತಾರೆ ಎಂದುಕೊಂಡಿದ್ದೆವು. ಹೆಂಡತಿ ಬಿಡಲಿಲ್ಲವಂತೆ: "ಈಗ ತಾನೇ ಗಾಳಿ ಚೆನ್ನಾಗಿದೆ."

ನಿಜವಾಗಿ ನೊಂದವರು ನಮ್ಮ ಮಾವ. ತಾವು ಕೊಟ್ಟ ವಿಭೂತಿಯೆಲ್ಲ ತಟ್ಟೆ ಲೋಟಕ್ಕೆ ಹೋಯಿತೆಂದು ತಿಳಿದ ದಿನ ಅವರು ಮಜ್ಜಿಗೆ ಅನ್ನವನ್ನೂ ಅರ್ಧಕ್ಕೇ ಬಿಟ್ಟೆದ್ದರು. ಮಗು ಹುಟ್ಟಿ, ನಾಮಕರಣದ ದಿನ ಆಫೀಸರು ನಮಸ್ಕಾರ ಮಾಡಲು ಬಗ್ಗಿದಾಗ, ಮಾವ ಮಾತಿಲ್ಲದೆ ಮೂರು ಬೆರಳು ಅದ್ದಿ ಅವರ ಹಣೆಯ ತುಂಬ, ಕಿವಿಯಿಂದ ಕಿವಿಗೆ, ವಿಭೂತಿ ಬಳಿದರು. ಆಫೀಸರು ಇಡೀ ದಿನ ಅದನ್ನು ಅಳಿಸಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಅತ್ತೆ ಸಾಯುವ ತನಕ ಮೀಸೆ ತಿರುವುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಕುಣಿಗಲ್ ಕಡೆಯ ಹಳ್ಳಿಯಿಂದ ಅವರ ತಂಗಿ ಬಂದರು. ಚೀಲ ಇಳಿಸುವ ಮೊದಲೇ ಶುರು ಮಾಡಿದರು.

"ಅಕ್ಕಾ, ನಿಮ್ಮೂರ ಲಾರಿ ಈಗ ನಮ್ಮೂರ ಕಲ್ಲುಹಳ್ಳಕ್ಕೆ ಬತ್ತಾವೆ. ಅದೇ ಹಳದಿ ಗಸಿ. ಎಮ್ಮೆ ಅತ್ಲಾಗೆ ನೀರಿಗೆ ಹೋಗ್ತಿಲ್ಲ. ಭಾರಿ ಹೊಗಳ್ಕಂಡ್ಯಲ್ಲ, ಓಡಿಸ್ದೆ ಓಡಿಸ್ದೆ ಅಂತ. ಎಲ್ಲಿಗೆ ಓಡಿಸ್ದೆ? ನಮ್ಮ ಮನೆ ಹಿಂದಕ್ಕೆ!"

ಅತ್ತೆ ತಂಗಿಯ ಚೀಲವನ್ನು ಹತ್ತಿರ ಎಳೆದುಕೊಂಡು, "ಓಡಿಸ್ಲಿಲ್ಲ ಕಣೇ. ಬಸ್ ಹತ್ಸಿ ಕಳ್ಸಿದೀವಿ" ಎಂದರು. ಎದ್ದು ಸೀರೆ ಮಡಚತೊಡಗಿದರು. ಮರುದಿನ ಬೆಳಿಗ್ಗೆ ಅತ್ತೆ, ಅವರ ತಂಗಿ, ನಾನು ಮೂವರೂ ಕುಣಿಗಲ್ ಬಸ್ಸಿನಲ್ಲಿದ್ದೆವು.

ಊರಿನ ಹೆಂಗಸರು ದಾರಿ ತಡೆಯಬೇಕೆಂದು ಆಗಲೇ ತೀರ್ಮಾನಿಸಿದ್ದರು. ಹಾಗೆ ಕೂತರೆ ಪೊಲೀಸರು ಬರುತ್ತಾರೆ ಎಂಬ ಹೆದರಿಕೆಯೂ ಇತ್ತು. ಅತ್ತೆ ಕೇಳಿದರು: "ನಿಮ್ಮೂರಲ್ಲಿ ಅವರೆಕಾಯಿ ಸುಲಿಯಾಕೆ ಪೊಲೀಸ್ರನ್ನ ಕೇಳ್ತೀರಾ?"

ಕಲ್ಲುಹಳ್ಳಕ್ಕೆ ಹೋಗುವ ಗಾಡಿಜಾಡು ಕಿರಿದು, ಎರಡೂ ಕಡೆ ಕಳ್ಳಿಬೇಲಿ. ಅದರ ನಟ್ಟನಡುವೆ ಮೂಟೆಗಳನ್ನು ಸುರಿದುಕೊಂಡು ಸುತ್ತ ಕೂತೆವು. ನನ್ನ ಉಗುರೆಲ್ಲ ಸೊಗಡಿನ ಅಂಟು. ಬಿಸಿಲು ಹಿತವಾಗಿತ್ತು. ಲಾರಿ ಬಂತು, ನಾತ ಅದಕ್ಕಿಂತ ಮುಂದಾಗಿ ಬಂತು. ಡ್ರೈವರ್ ಹಾರ್ನ್ ಮಾಡಿದ, ಮಾಡಿದ. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಇಳಿದು ಬಂದ.

"ಏನ್ರವ್ವಾ ಇದು, ರೋಡಲ್ಲಿ?"

"ಕಾಣಾಕಿಲ್ವೇನಪ್ಪಾ? ಮನೇಲಿ ಬೆಳಕಿಲ್ಲ, ಇಲ್ಲಿ ಗಾಳಿ ಬೆಳಕು ಚೆನ್ನಾಗೈತೆ" ಎಂದರು ಅತ್ತೆ. "ಇಷ್ಟು ಮುಗೀಲಿ, ಎದ್ದೇಳ್ತೀವಿ. ಬೇಗ ಆಗ್ಬೇಕಂದ್ರೆ ನೀನೂ ಕೂತ್ಕ, ಸುಲಿ."

ಅವನು ಬೈಯುತ್ತಾನೆ ಎಂದು ನಾನು ಕಾದೆ. ಅವನು ನಿಟ್ಟುಸಿರು ಬಿಟ್ಟು ಬೇಲಿ ನೆರಳಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡ. ಆಗ ಅವನ ಕೈ ನೋಡಿದೆ. ಬೆರಳ ಸಂದಿಯೆಲ್ಲ ಬಿರಿದು ಕೆಂಪಾಗಿತ್ತು.

"ಏನ್ಲಾ ಮಗಾ ಕೈಗೆ?" ಎಂದು ಕೇಳಿದವರು ಬೈಯಲೆಂದೇ ಸಿದ್ಧರಾಗಿದ್ದ ಅತ್ತೆಯ ತಂಗಿ.

"ಇದೇ ಕಣವ್ವಾ, ಈ ಗಸಿ. ಹಗಲೂ ರಾತ್ರಿ ಕಡಿತ. ಬಿಟ್ರೆ ಕೆಲಸ ಇಲ್ಲ."

ಅವನು ಸುಲಿದ ಕಾಳನ್ನೂ, ಅದರ ಮೇಲೆ ಎರಡು ಬೊಗಸೆ ನಮ್ಮದನ್ನೂ ಸೇರಿಸಿ ಅತ್ತೆಯ ತಂಗಿ ಅವನ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಟ್ಟರು. ಅವನು ಗಂಟನ್ನು ಸೀಟಿನ ಮೇಲಿಟ್ಟು, ಲಾರಿಯನ್ನು ಹಿಂದಕ್ಕೆ, ಹಿಂದಕ್ಕೆ, ಡಾಂಬರು ರಸ್ತೆಯವರೆಗೂ ಓಡಿಸಿದ.

"ಈಗ ಎಲ್ಲಿಗೆ ಹೋಯ್ತೀಯ?" ಎಂದು ಅತ್ತೆ ಕೂಗಿ ಕೇಳಿದರು.

"ನಂಗೇನು ಗೊತ್ತವ್ವಾ, ಕಂಟ್ರಾಕ್ಟರ್ನ ಕೇಳ್ಬೇಕು" ಎಂದು ಅವನೂ ಕೂಗಿದ.

ನಾಳೆ ಇನ್ನೊಂದು ಲಾರಿ ಬರುವುದು ಎಲ್ಲರಿಗೂ ಗೊತ್ತಿತ್ತು. ಇನ್ನೂ ಅರ್ಧ ಮೂಟೆ ಕಾಯಿ ಉಳಿದಿತ್ತು. ಅದನ್ನು ಸುಲಿಯದೆ ನಾಳೆಗೆಂದು ಹಾಗೇ ಇಟ್ಟುಕೊಂಡೆವು.